ಎ ಎಡಕ್ಕೆ, ಬಿ ಬಲಕ್ಕೆ

ಹನ್ನೆರಡು ವಾರ, ಎರಡು ಬಾಟಲಿ, ನಾಲ್ಕೂವರೆ ಸಾವಿರ ರೂಪಾಯಿ.
ಎ ಎಡಗೆನ್ನೆಗೆ, ಬಿ ಬಲಗೆನ್ನೆಗೆ,
ಮೂಗಿನ ಗೆರೆ ದಾಟಬಾರದು.
ಒಂದರಲ್ಲಿ ಪೆಪ್ಟೈಡ್ ಇದೆ, ಇನ್ನೊಂದು ಬರೀ ಕ್ರೀಮು,
ಯಾವುದು ಯಾವುದೂಂತ ನನಗೂ ಗೊತ್ತಿಲ್ಲ ಆಂಟಿ, ಅಂದಳು
ರಾಜಾಜಿನಗರದ ಕ್ಲಿನಿಕ್ಕಿನ ಡಾಕ್ಟರು ತಸ್ಮಿಯಾ.
ನನಗೆ ನಗು ಬಂತು. ಗೊತ್ತಿಲ್ಲದವರು ಕೊಡುವ ಔಷಧಿ
ನಮ್ಮ ಕಾಮಾಕ್ಷಿಪಾಳ್ಯದಲ್ಲೂ ಸಿಗುತ್ತದೆ,
ಅಲ್ಲಿ ದುಡ್ಡು ನಾವು ಕೊಡಬೇಕು, ಅಷ್ಟೆ.

ಪೆಪ್ಟೈಡ್ ಅಂದರೇನಮ್ಮ ಅಂತ ಕೇಳಿದೆ.
ಅವಳು ಪೆನ್ನಿನ ತುದಿ ಕಚ್ಚಿ ಯೋಚಿಸಿ,
ನನ್ನ ಕೊರಳಲ್ಲೇ ಉಳಿದಿದ್ದ ಅಳತೆ ಟೇಪು ನೋಡಿ ಹೇಳಿದಳು:
ಚರ್ಮದೊಳಗೆ ಒಂದು ನೇಯ್ಗೆ ಇದೆ, ಕೊಲಾಜನ್ ಅಂತ.
ಅದು ಹರಿದಾಗ ಉದುರುತ್ತಲ್ಲ ಚೂರುನೂಲು, ಅಂಥದ್ದು ಇದು.
ನಾವು ಹೊರಗಿನಿಂದ ಚೂರು ಹಾಕ್ತೀವಿ,
ಒಳಗಿನವರು ಅದನ್ನ ನೋಡಿ, ಅಯ್ಯೋ ಎಲ್ಲೋ ಹರಿದಿದೆ ಅಂದ್ಕೊಂಡು
ಹೊಸದು ನೇಯೋಕೆ ಕೂರ್ತಾರೆ.
ಕೂರಬಹುದು.

ಆ 'ಬಹುದು' ನನಗೆ ಹಿಡಿಸಿತು.
ನಾನೂ ಗಿರಾಕಿಗಳಿಗೆ ಹೇಳುವುದು ಹಾಗೇ:
ಶುಕ್ರವಾರ ಆಗಬಹುದು.

ಗದ್ದ ಇಡಲು ಕಪ್ಪು ಬಟ್ಟಲು, ಹಣೆಗೊಂದು ಪಟ್ಟಿ,
ನಗಬೇಡಿ, ಕಣ್ಣು ಮುಚ್ಚಿ, ಪಳ್ಳನೆ ಬೆಳಕು.
ಪರದೆಯ ಮೇಲೆ ನನ್ನ ಮುಖ, ಡಬಲ್ ಕಾಟಿನ ಬೆಡ್‌ಶೀಟಿನಷ್ಟು.
ಐವತ್ನಾಲ್ಕು ವರ್ಷ ಕನ್ನಡಿಯಲ್ಲಿ ಕಂಡದ್ದು ಬೇರೆ ಯಾರನ್ನೋ.
ಬಲಗಡೆ ಬಾಯಂಚಿಗೆ ಮೂರು ಗೆರೆ, ಆಳ:
ಗುಂಡುಪಿನ್ನು ಕಚ್ಚಿಕೊಂಡು ಬ್ಲೌಸು ಹೊಲಿದ ಜಾಗ.
ಬಲಗಣ್ಣಿನ ಕೊನೆಗೊಂದು ಬೀಸಣಿಗೆ:
ಸೂಜಿಗೆ ದಾರ ಪೋಣಿಸುವಾಗ ಕಿರಿದು ಮಾಡಿದ್ದು.
ಆ ಕೆನ್ನೆಯೇ ಕಿಟಕಿಯ ಕಡೆ.
ಮಾಗಡಿ ರಸ್ತೆಯ ಮೂರು ಗಂಟೆಯ ಬಿಸಿಲು
ಇಪ್ಪತ್ತೊಂಬತ್ತು ವರ್ಷ ಅಲ್ಲಿ ಬಾಡಿಗೆ ಕೊಡದೆ ಕೂತಿದೆ.

ಕಂಪ್ಯೂಟರಿನಲ್ಲಿ 'ಸುಕ್ಕು' ಅಂತ ಬರೆದುಕೊಂಡರು.
ನಮ್ಮ ಕಡೆ ನೆರಿಗೆ.
ಸೀರೆಗೆ ಬಂದರೆ ಲಕ್ಷಣ,
ಮುಖಕ್ಕೆ ಬಂದರೆ ಫೈಲು.

ರಾತ್ರಿ ಮಿಷನ್ನಿಗೆ ಹೊದಿಕೆ ಹಾಕಿ, ಕೈ ತೊಳೆದು ತಟ್ಟಿಕೊಳ್ಳುತ್ತಿದ್ದೆ.
ನನ್ನ ಬೆರಳ ತುದಿ ಅರದ ಹಾಗೆ,
ಕೆನ್ನೆಗೆ ತಾಗಿದರೆ ಪರಪರ.
ತೋರುಬೆರಳಲ್ಲಿ ಸೂಜಿಯ ಎಷ್ಟೋ ತೂತು,
ಅದಕ್ಕೆ ಸಿ ಅಂತ ಬಾಟಲಿ ಯಾರೂ ಕೊಡಲಿಲ್ಲ.

ಐದನೇ ವಾರದಿಂದ ಎಲ್ಲರೂ ಪಂಡಿತರು.
ಹುಬ್ಬು ತೀಡುವ ಮುನಿಲಕ್ಷ್ಮಿ ಎಡ ಅಂದಳು,
ಫಾಲ್ಸು ಹಾಕುವ ಎಸ್ತರ್ ಬಲ ಅಂದಳು,
ಗುಂಡಿ ಅಂಗಡಿಯ ಜುಗರಾಜ್ ಕನ್ನಡಕ ಏರಿಸಿ
ಎರಡೂ ಒಂದೇ ಅಕ್ಕಾ ಅಂದು
ಡಜನ್ ಹುಕ್ಕಿಗೆ ಎರಡು ರೂಪಾಯಿ ಜಾಸ್ತಿ ಹಿಡಿದುಕೊಂಡ.
ನಾನು ಮಾತ್ರ, ನನಗೇ ತಿಳಿಯದೆ,
ಗಿರಾಕಿ ಬಂದರೆ ಎಡಗೆನ್ನೆ ತಿರುಗಿಸಿ ಮಾತಾಡತೊಡಗಿದ್ದೆ.
ಬಲಗೆನ್ನೆಗೆ ಬೇಜಾರಾಗಿರಬೇಕು.
ಆವತ್ತಿನಿಂದ ಅದಕ್ಕೆ ಒಂದು ತೊಟ್ಟು ಜಾಸ್ತಿ,
ದುಡಿದಿದ್ದು ಅದಲ್ಲವೆ.

ಕೊನೆಗೆ ಬಾಟಲಿ ವಾಪಸು ತಗೊಂಡು ತೂಕ ಹಾಕಿದರು.
ಎಡ ಕೊಂಚ ಮೆತ್ತಗಾಗಿದೆ,
ಅಥವಾ ಅರಕ್ಕೆ ಹಾಗನಿಸುತ್ತದೆ.
ಯಾವುದರಲ್ಲಿ ಇತ್ತಮ್ಮ ಅಂದರೆ,
ಇನ್ನೂ ನಲವತ್ತು ಮುಖ ಬಾಕಿ ಇವೆ ಆಂಟಿ,
ಎಲ್ಲ ಮುಗಿದ ಮೇಲೆ ಲಕೋಟೆ ಒಡೆಯೋದು.
ಬಂದ ದುಡ್ಡಲ್ಲಿ ಮಿಷನ್ನಿನ ಬೆಲ್ಟು ಬದಲಾಯಿಸಿದೆ.
ಕಿಟಕಿಗೆ ಪರದೆ ಹೊಲಿದೆ, ಒತ್ತೊತ್ತಾಗಿ ನೆರಿಗೆ ಹಿಡಿದು.

ಒಂದು ಮಾತು ತಸ್ಮಿಯಾಗೆ ಹೇಳಿಲ್ಲ.
ಒಂಬತ್ತನೇ ವಾರ, ಟ್ರಾನ್ಸ್‌ಫಾರ್ಮರ್ ಢಂ ಅಂದ ರಾತ್ರಿ,
ಎ ಯಾವುದು ಬಿ ಯಾವುದು ಕಾಣದೆ
ಎರಡನ್ನೂ ಅಂಗೈಗೆ ಸುರಿದು ಕಲಸಿ
ಮುಖದ ತುಂಬ, ಗೆರೆ ದಾಟಿ, ಕತ್ತಿನವರೆಗೂ
ಬಳಿದುಕೊಂಡು ಮಲಗಿದೆ.
ಎಂಥ ನಿದ್ದೆ ಬಂತು ಅಂತೀರಿ.
ಅವರ ನಕ್ಷೆಯಲ್ಲಿ ಹದಿನೇಳನೇ ನಂಬರಿನ ಚುಕ್ಕೆ
ಎಲ್ಲಾದರೂ ಒಂಚೂರು ಸೊಟ್ಟಗಿದ್ದರೆ,
ಹೊಲಿಗೆ ತಪ್ಪಿದ್ದು ನಾನೇ.